ಗುರುವಿನ ಪಟ್ಟೆ ಕಣ್ಣಿಗೆ ಕಾಣುತ್ತದೆ, ಫೋಟೋದಲ್ಲಿ ಬರೀ ಬಿಳಿ ಉಂಡೆ: ದೊಡ್ಡ ಟೆಲಿಸ್ಕೋಪು ಬೇಕಾ?

ಅಂಗಳದಾಕಾಶ (ಬದಿಯಡ್ಕ)

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಇರುವುದು ಆರು ಇಂಚಿನ ಡಾಬ್ಸೋನಿಯನ್ (ಬುಡದ ಮೇಲೆ ಕೈಯಿಂದ ತಿರುಗಿಸುವ ಕನ್ನಡಿ ಟೆಲಿಸ್ಕೋಪು), ಫೋಕಲ್ ಲೆಂಗ್ತ್ 1200 ಮಿ.ಮೀ. 10 ಮಿ.ಮೀ. ಐಪೀಸ್ (ಕಣ್ಣಿಡುವ ಮಸೂರ) ಹಾಕಿ ನೋಡಿದರೆ ಗುರುವಿನ ಎರಡು ಕಂದು ಪಟ್ಟೆ ಚೆನ್ನಾಗಿಯೇ ಕಾಣುತ್ತವೆ. ಫೋನ್ ಹಿಡಿದು ಕ್ಲಿಕ್ ಮಾಡಿದರೆ ಬರುವುದು ಬಿಳಿ ಉಂಡೆ, ಆಚೆ ಈಚೆ ನಾಲ್ಕು ಚುಕ್ಕೆ. ಪಟ್ಟೆಯ ಸುಳಿವೇ ಇಲ್ಲ. ವಿಡಿಯೋ ಮಾಡಿದರೆ ಉಂಡೆ ಕುದಿಯುತ್ತಾ ಇರುತ್ತದೆ.

ಜಾಗ ಮನೆಯ ಮುಂದಿನ ಸಿಮೆಂಟು ಅಂಗಳ. ಈಗ ಮುಕ್ಕಾಲು ಅಂಗಳದಲ್ಲಿ ಅಡಿಕೆ ಹರವಿದೆ, ಉಳಿದ ಮೂಲೆಯಲ್ಲಿ ನಾನು. ಟೆರೇಸಿಗೆ ಶೀಟು ಹಾಕಿಸಿಬಿಟ್ಟಿದ್ದಾರೆ, ಅಲ್ಲಿಂದ ಏನೂ ಕಾಣುವುದಿಲ್ಲ. ಸುತ್ತ ತೆಂಗು, ಅಡಿಕೆ. ನೆತ್ತಿಯ ಸುತ್ತ ಮಾತ್ರ ಒಂದಿಷ್ಟು ತೆರವು.

ಇದನ್ನು ಮಾರಿ ಹತ್ತು ಇಂಚಿನದ್ದು ತಗೋ ಅಂತ ಭಾವ ಒಂದೇ ಸಮನೆ ಹೇಳುತ್ತಿದ್ದಾರೆ. ನನಗೆ ಕ್ಯಾಮರಾ ತೆಗೆದುಕೊಂಡರೆ ಸಾಕೇನೋ ಅಂತ. ಬಜೆಟ್ಟು ಒಂದು ಸಾಧಾರಣ ಫೋನಿನಷ್ಟು. ತಿಳಿದವರು ಹೇಳಿ.

ರಾಯದುರ್ಗದ ಮೇಷ್ಟ್ರು

ಏನೂ ಮಾರಬೇಡಮ್ಮ. ನಿನ್ನ ಫೋಟೋದಲ್ಲಿ ಬೆಳಕು ಜಾಸ್ತಿಯಾಗಿದೆ, ಅಷ್ಟೇ. ಫೋನು ನೋಡುವುದು ಇಡೀ ಚೌಕಟ್ಟನ್ನು. ಅದರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಭಾಗ ಕತ್ತಲು. ಪಾಪ, ಕತ್ತಲಿದೆ ಅಂತ ಬೆಳಕು ಏರಿಸುತ್ತದೆ, ಗುರು ಸುಟ್ಟುಹೋಗುತ್ತದೆ.

ಪರದೆಯಲ್ಲಿ ಗುರುವಿನ ಮೇಲೆಯೇ ಬೆರಳು ಒತ್ತಿ ಹಿಡಿ. ಫೋಕಸ್ಸು, ಬೆಳಕು ಎರಡೂ ಲಾಕ್ ಆಗುತ್ತವೆ. ಆಮೇಲೆ ಬೆಳಕಿನ ಗುಂಡಿಯನ್ನು ಕೆಳಗೆ ಎಳೆ. ಆ ನಾಲ್ಕು ಚುಕ್ಕೆ, ಅಂದರೆ ಗುರುವಿನ ಚಂದ್ರರು, ಮಾಯವಾಗುವವರೆಗೆ ಎಳೆ, ಹೆದರಬೇಡ. ಪ್ರೊ ಮೋಡ್ ಇದ್ದರೆ ಐಎಸ್‌ಒ 100, ಶಟರ್ 1/125ರಿಂದ ಶುರು ಮಾಡು. ಪಟ್ಟೆಯೂ ಚಂದ್ರರೂ ಒಟ್ಟಿಗೆ ಚಂದ ಕಾಣುವ ಫೋಟೋಗಳು ಹೆಚ್ಚಾಗಿ ಎರಡು ಬೇರೆ ಬೇರೆ ಎಕ್ಸ್‌ಪೋಶರ್ ಸೇರಿಸಿದವು.

ಫೋನನ್ನು ಕೈಯಲ್ಲಿ ಹಿಡಿಯಬೇಡ. ಐಪೀಸಿಗೆ ಕಚ್ಚಿಕೊಳ್ಳುವ ಹೋಲ್ಡರ್ ಸಿಗುತ್ತದೆ. ನಮ್ಮ ಶಾಲೆಯ ಮಕ್ಕಳು ಅದರಲ್ಲೇ ಎರಡು ಪಟ್ಟೆ ಹಿಡಿದಿದ್ದಾರೆ.

ಹೊಸೂರು ನೈಟ್‌ಶಿಫ್ಟ್

ಮೇಷ್ಟ್ರು ಹೇಳಿದ್ದು ಸರಿ. ಆದರೆ ಒಂದು ಫೋಟೋ ಅಲ್ಲ, ವಿಡಿಯೋ ಮಾಡಿ. ಗ್ರಹದ ಫೋಟೋ ಅಂತ ನೀವು ನೋಡುವುದೆಲ್ಲ ವಿಡಿಯೋದಿಂದ ಬಂದದ್ದೇ. ಗಾಳಿ ಪ್ರತಿ ಕ್ಷಣ ಚಿತ್ರವನ್ನು ಎಳೆದಾಡುತ್ತದೆ. ನಡುನಡುವೆ ಸೆಕೆಂಡಿನ ನೂರನೇ ಒಂದು ಭಾಗ ಸುಮ್ಮನಿರುತ್ತದೆ. ಸಾವಿರಾರು ಫ್ರೇಮು ತೆಗೆದು, ಆ ಸುಮ್ಮನಿದ್ದ ಫ್ರೇಮುಗಳನ್ನು ಮಾತ್ರ ಆರಿಸಿ ಒಂದರ ಮೇಲೊಂದು ಜೋಡಿಸುವುದು. ಇದಕ್ಕೆ 'ಲಕ್ಕಿ ಇಮೇಜಿಂಗ್' ಅನ್ನುತ್ತಾರೆ. ಅದೃಷ್ಟದ ಫ್ರೇಮು ಸಿಗುವ ಸಾಧ್ಯತೆ ಎಷ್ಟು ಅಂತ ಡೇವಿಡ್ ಫ್ರೈಡ್ 1978ರಲ್ಲೇ ಲೆಕ್ಕ ಹಾಕಿದ್ದರು. 2000ದ ನಂತರ ಜನ ಅಗ್ಗದ ವೆಬ್‌ಕ್ಯಾಮು ಬಿಚ್ಚಿ ಟೆಲಿಸ್ಕೋಪಿಗೆ ಸಿಕ್ಕಿಸಿ ಇದನ್ನೇ ಮನೆಯಲ್ಲಿ ಮಾಡಿದರು.

ಕ್ಯಾಮರಾ ವಿಷಯ. ನಿಮ್ಮ ಬಜೆಟ್ಟಿಗೆ ಸಣ್ಣ ಪ್ಲಾನೆಟರಿ ಕ್ಯಾಮರಾ ಬರುತ್ತದೆ. ದೊಡ್ಡ ಸೆನ್ಸರ್ ಬೇಡ, ವೇಗ ಬೇಕು. ಯುಎಸ್‌ಬಿ 3 ಇರಲಿ. ಟೆಲಿಸ್ಕೋಪಿನ ಎಫ್ ಸಂಖ್ಯೆ (ಫೋಕಲ್ ಲೆಂಗ್ತನ್ನು ಕನ್ನಡಿಯ ಅಗಲದಿಂದ ಭಾಗಿಸಿದ್ದು) ಸುಮಾರಾಗಿ ಮೈಕ್ರಾನಿನಲ್ಲಿ ಪಿಕ್ಸೆಲ್ ಅಳತೆಯ ಐದು ಪಟ್ಟು ಇರಬೇಕು ಅನ್ನುವುದು ವಾಡಿಕೆಯ ಲೆಕ್ಕ. ನಿಮ್ಮದು ಎಫ್/8. 2x ಬಾರ್ಲೋ (ಫೋಕಲ್ ಲೆಂಗ್ತ್ ಎರಡು ಪಟ್ಟು ಮಾಡುವ ಮಸೂರ) ಹಾಕಿದರೆ ಎಫ್/16. 2.9 ಮೈಕ್ರಾನ್ ಪಿಕ್ಸೆಲ್ ಇರುವ ಕ್ಯಾಮರಾಕ್ಕೆ ಬೇಕಾದ್ದು ಎಫ್/14.5. ಹೇಳಿ ಮಾಡಿಸಿದ ಜೋಡಿ. ಸೆನ್ಸರಿನ ಮುಂದೆ ಐಆರ್ ಕಟ್ ಗಾಜು (ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ತಡೆಯುವುದು) ಇದೆಯಾ ನೋಡಿಕೊಳ್ಳಿ. ಇಲ್ಲದಿದ್ದರೆ ಬಣ್ಣ ಕೆಡುತ್ತದೆ, ಫಿಲ್ಟರ್ ಬೇರೆ ತರಬೇಕು.

ಅಂಗಳದಾಕಾಶ (ಬದಿಯಡ್ಕ)

ಮೇಷ್ಟ್ರೇ, ನಿನ್ನೆ ಬೆಳಕು ಇಳಿಸಿ ತೆಗೆದೆ. ಎರಡು ಪಟ್ಟೆ ಬಂತು! ಮಸುಕು ಮಸುಕು, ಆದರೂ ಪಟ್ಟೆ ಪಟ್ಟೆಯೇ. ಭಾವನಿಗೆ ತೋರಿಸಿದೆ. "ಹತ್ತು ಇಂಚಿನಲ್ಲಿ ಇನ್ನೂ ಚಂದ ಬರುತ್ತಿತ್ತು" ಅಂದರು.

ಕುದಿಯುವುದು ಮಾತ್ರ ನಿಂತಿಲ್ಲ.

ಪೆರ್ಲದ ತೋಟದಿಂದ

ನಾನು ನಿಮ್ಮ ನೆರೆಕರೆಯವನೇ. ಟೆಲಿಸ್ಕೋಪು ಬದಲಿಸುವುದು ಆಮೇಲೆ, ಮೊದಲು ಅಂಗಳ ಬಿಡಿ.

ಅಡಿಕೆ ಒಣಗಲಿ ಅಂತಲೇ ಮಾಡಿದ ಜಾಗ ಅದು. ಬೆಳಗ್ಗಿನಿಂದ ಸಂಜೆವರೆಗೆ ಬಿಸಿಲು ಕುಡಿದಿರುತ್ತದೆ. ರಾತ್ರಿ ಒಂಬತ್ತಕ್ಕೆ ಚಪ್ಪಲಿ ಬಿಟ್ಟು ನಿಂತು ನೋಡಿ, ಅಂಗಾಲಿಗೆ ಇನ್ನೂ ಬೆಚ್ಚಗೆ ತಾಗುತ್ತದೆ. ಆ ಬಿಸಿ ಏಳುವುದು ಸೀದಾ ನಿಮ್ಮ ಕೊಳವೆಯ ಬಾಯಿಯ ಎದುರಿಗೆ. ಮಧ್ಯಾಹ್ನ ಡಾಂಬರು ರಸ್ತೆಯ ಮೇಲೆ ಗಾಳಿ ನಡುಗುವುದನ್ನು ನೋಡಿದ್ದೀರಲ್ಲ, ಇಲ್ಲಿ ನಡೆಯುವುದೂ ಅದೇ. 120 ಪಟ್ಟು ದೊಡ್ಡದು ಮಾಡಿ ನೋಡುವಾಗ ಆ ನಡುಕವೂ 120 ಪಟ್ಟು. ಹತ್ತು ಇಂಚಿನದ್ದು ತಂದು ಅದೇ ಮೂಲೆಯಲ್ಲಿ ಇಟ್ಟರೆ ಇನ್ನೂ ದೊಡ್ಡದಾಗಿ ಕುದಿಯುತ್ತದೆ. ಭಾವನಿಗೆ ಇದನ್ನು ಹೇಳಿ.

ತೋಟದ ಅಂಚಿಗೆ, ಹುಲ್ಲೋ ಮಣ್ಣೋ ಇರುವ ಕಡೆಗೆ ಇಳಿಸಿ. ಮನೆಯ ಮಾಡಿನ ಮೇಲಿಂದ ಗ್ರಹ ನೋಡುವ ಹಾಗಿರಬಾರದು. ಹಂಚು ಕೂಡ ರಾತ್ರಿ ಬಿಸಿ ಬಿಡುತ್ತದೆ. ಶೀಟು, ಟಾಂಕಿ, ಮುರಕಲ್ಲಿನ ಗೋಡೆ ಎಲ್ಲದರಿಂದ ದೂರ ಇದ್ದಷ್ಟು ಒಳ್ಳೆಯದು.

ಇನ್ನೊಂದು ವಿಷಯ, ಕನ್ನಡಿಯದ್ದು. ಟೆಲಿಸ್ಕೋಪನ್ನು ಕೋಣೆಯೊಳಗಿಂದ ತಂದ ಕೂಡಲೇ ಶುರು ಮಾಡುತ್ತೀರಾ? ಹಾಗಿದ್ದರೆ ಗಂಟೆ ಮೊದಲೇ ಹೊರಗಿಡಿ. ಕನ್ನಡಿ ಹೊರಗಿನ ಗಾಳಿಯಷ್ಟೇ ತಣ್ಣಗಾಗಬೇಕು. ಆಯಿತೋ ಇಲ್ಲವೋ ಅಂತ ತಿಳಿಯಲು ಒಂದು ಉಪಾಯ ಇದೆ. ಪ್ರಕಾಶಮಾನವಾದ ಒಂದು ನಕ್ಷತ್ರಕ್ಕೆ ತಿರುಗಿಸಿ ಫೋಕಸ್ಸು ಸ್ವಲ್ಪ ಕೆಡಿಸಿ. ದುಂಡನೆಯ ಬೆಳಕಿನ ಬಿಲ್ಲೆ ಕಾಣುತ್ತದೆ, ನಡುವೆ ಒಂದು ಕಪ್ಪು ಬೊಟ್ಟು. ಬಿಲ್ಲೆಯೊಳಗೆ ಸುರುಳಿ ಸುರುಳಿಯಾಗಿ ಏನೋ ನಿಧಾನ ತೇಲುತ್ತಿದ್ದರೆ ಅದು ಕೊಳವೆಯೊಳಗಿನ ಬಿಸಿ, ಕಾಯಿರಿ. ಸರಸರ ಒಂದೇ ದಿಕ್ಕಿಗೆ ಓಡುತ್ತಿದ್ದರೆ ಮೇಲಿನ ಗಾಳಿ, ಅದಕ್ಕೆ ಮದ್ದಿಲ್ಲ, ಹೋಗಿ ಮಲಗಿ. ಕಪ್ಪು ಬೊಟ್ಟು ನಡುವಿನಲ್ಲಿ ಇಲ್ಲದೆ ಒಂದು ಬದಿಗೆ ಸರಿದಿದ್ದರೆ ಕೊಲಿಮೇಶನ್, ಅಂದರೆ ಕನ್ನಡಿಗಳ ಹೊಂದಾಣಿಕೆ, ತಪ್ಪಿದೆ. ಆಗ ಕನ್ನಡಿಯ ಹಿಂದಿನ ಸ್ಕ್ರೂ ತಿರುಗಿಸಿ ಸರಿ ಮಾಡಿಕೊಂಡೇ ಮುಂದಿನ ಕೆಲಸ.

ಜತ್ತಿನ ಹುಡುಗ

ಅಣ್ಣಾರ, ನಿಮ್ಮ ಕಡೆ ಕನ್ನಡಿ ಗಂಟೆಯಲ್ಲಿ ತಣ್ಣಗಾಗುತ್ತದೆ. ನಮ್ಮ ಕಡೆ ಚಳಿಗಾಲದಲ್ಲಿ ಹಗಲು ಉರಿ, ನಸುಕಿಗೆ ನಡುಕ. ರಾತ್ರಿ ಇಡೀ ಗಾಳಿ ತಣ್ಣಗಾಗುತ್ತಲೇ ಹೋಗುತ್ತದೆ, ಕನ್ನಡಿ ಅದರ ಹಿಂದೆ ಓಡುತ್ತಲೇ ಇರುತ್ತದೆ, ಮುಟ್ಟುವುದೇ ಇಲ್ಲ. ನಾನು ಹಳೆ ಕಂಪ್ಯೂಟರಿನ 12 ವೋಲ್ಟ್ ಫ್ಯಾನು ಬಿಚ್ಚಿ ಕನ್ನಡಿಯ ಹಿಂದೆ ರಬ್ಬರ್ ಬ್ಯಾಂಡಿನಿಂದ ತೂಗುಹಾಕಿದ್ದೇನೆ. ಸ್ಕ್ರೂ ಹಾಕಿದರೆ ಅದರ ಕಂಪನ ಚಿತ್ರಕ್ಕೆ ಬರುತ್ತದೆ, ರಬ್ಬರ್ ಬ್ಯಾಂಡೇ ಸೈ. ಮೊಬೈಲ್ ಪವರ್ ಬ್ಯಾಂಕಿಗೆ 12 ವೋಲ್ಟ್ ಕೇಬಲ್ ಸಿಗುತ್ತದೆ, ಅದರ ಮೇಲೆ ಓಡುತ್ತದೆ.

ಮೋಡದ ಮಟ್ಟಿಗೆ ಮಾತ್ರ ನಾವು ಪುಣ್ಯವಂತರು ನೋಡ್ರಿ. ಮಳೆಗಾಲದಲ್ಲೂ ನಡುವೆ ಆಕಾಶ ಸಿಗುತ್ತದೆ. ಕಾಸರಗೋಡಿನವರು ಜೂನಿನಿಂದ ಸೆಪ್ಟೆಂಬರ್ ತನಕ ಏನು ಮಾಡುತ್ತೀರಿ?

ಪೆರ್ಲದ ತೋಟದಿಂದ

ಅಡಿಕೆಗೆ ಮದ್ದು ಬಿಡುತ್ತೇವೆ.

ಹೊಸೂರು ನೈಟ್‌ಶಿಫ್ಟ್

😂 ಮಳೆ ಬಿಟ್ಟರೂ ಆ ತಿಂಗಳುಗಳಲ್ಲಿ ದಕ್ಷಿಣ ಭಾರತದ ಮೇಲೆ ಬಹಳ ಎತ್ತರದಲ್ಲಿ ಪೂರ್ವದಿಂದ ಬೀಸುವ ಜೆಟ್ ಗಾಳಿ ಇರುತ್ತದೆ. ಮೋಡದ ನಡುವೆ ಕಿಂಡಿ ಸಿಕ್ಕಿದರೂ ಗುರು, ಶನಿ ಸುಮ್ಮನೆ ನಿಲ್ಲುವುದು ಕಷ್ಟ. ಚಳಿಗಾಲದಲ್ಲಿ ಪಶ್ಚಿಮದ ಜೆಟ್ ಉತ್ತರ ಭಾರತದ ಮೇಲೆ ಹೋಗುತ್ತದೆ, ನಾವು ಹೆಚ್ಚಾಗಿ ಅದರಿಂದ ಬಚಾವ್.

ಇನ್ನೊಂದು ಮಾತು. ಊರಿನ ಬೆಳಕಿಗೆ ಹೆದರಬೇಡಿ. ನನ್ನ ಮನೆಯ ಎದುರಿಗೇ ಬೀದಿದೀಪ, ಹಿಂದೆ ಫ್ಯಾಕ್ಟರಿಯ ಫ್ಲಡ್‌ಲೈಟು. ನೀಹಾರಿಕೆ ಹಿಡಿಯುವವರಿಗೆ ಅದು ಸಾವು. ಗ್ರಹಕ್ಕೆ ಏನೂ ಇಲ್ಲ.

ಅಂಗಳದಾಕಾಶ (ಬದಿಯಡ್ಕ)

ಕ್ಯಾಮರಾ ಬಂತು. 2.9 ಮೈಕ್ರಾನಿನದ್ದೇ. ಬಾರ್ಲೋ ಕೂಡ. ಟೆಲಿಸ್ಕೋಪನ್ನು ಬಾವಿಕಟ್ಟೆಯ ಆಚೆ ಹುಲ್ಲಿನ ಮೇಲೆ ಇಟ್ಟೆ. ಕುದಿಯುವುದು ಎಷ್ಟೋ ಕಮ್ಮಿ ಆಯಿತು, ಅಣ್ಣ, ನಂಬಲಿಕ್ಕೇ ಆಗಲಿಲ್ಲ.

ಈಗ ಹೊಸ ತಲೆನೋವು. ಗುರು ಲ್ಯಾಪ್‌ಟಾಪಿನ ಪರದೆಯಲ್ಲಿ ನಿಲ್ಲುವುದೇ ಇಲ್ಲ. ಒಂದು ಬದಿಯಿಂದ ಬಂದು ಇನ್ನೊಂದು ಬದಿಗೆ ಹೋಗಿಬಿಡುತ್ತದೆ. ಕೈಯಿಂದ ತಳ್ಳಿ ಹಿಂಬಾಲಿಸಿದರೆ ಇಡೀ ಚಿತ್ರ ಅಲ್ಲಾಡುತ್ತದೆ. ಅದರಲ್ಲೂ ಹತ್ತು ಗಂಟೆ ಹೊತ್ತಿಗೆ ಗುರು ನೆತ್ತಿಯ ಹತ್ತಿರ ಇರುವಾಗ ಟೆಲಿಸ್ಕೋಪನ್ನು ಎತ್ತ ತಿರುಗಿಸಬೇಕು ಅಂತಲೇ ಗೊತ್ತಾಗುವುದಿಲ್ಲ.

ತಾಳವಾಡಿ ಅಕ್ಕ

ಡಾಬ್ ಇರುವವರ ಕಷ್ಟ ಡಾಬ್ ಇರುವವರಿಗೇ ಗೊತ್ತು, ತಂಗಿ. ನೆತ್ತಿಯ ಹತ್ತಿರ ಗ್ರಹ ಒಂಚೂರು ಸರಿದರೂ ಬುಡವನ್ನು ಸುಮಾರು ತಿರುಗಿಸಬೇಕಾಗುತ್ತದೆ. ಸರಿ ನೆತ್ತಿಯಲ್ಲಂತೂ ಆಗುವುದೇ ಇಲ್ಲ. ಆ ಹೊತ್ತನ್ನು ಬಿಟ್ಟುಬಿಡಿ. ಈಗ, 2026ರ ಫೆಬ್ರವರಿ ನಡುವಿನಲ್ಲಿ, ಗುರು ಹತ್ತರ ಸುಮಾರಿಗೆ ಅತಿ ಎತ್ತರಕ್ಕೆ ಬರುತ್ತದೆ. ಅದಕ್ಕೆ ಎರಡು ಗಂಟೆ ಮುಂಚೆ ಪೂರ್ವದಲ್ಲಿ, ಎರಡು ಗಂಟೆ ನಂತರ ಪಶ್ಚಿಮದಲ್ಲಿ 60 ಡಿಗ್ರಿ ಆಸುಪಾಸಿನಲ್ಲಿ ಇರುತ್ತದೆ. ಅಷ್ಟು ಎತ್ತರ ಧಾರಾಳ ಸಾಕು. ನನ್ನ ಮಾತು ಕೇಳಿದರೆ ಹನ್ನೆರಡರ ಸುಮಾರಿಗೆ ಮಾಡಿ. ಎಂಟು ಗಂಟೆಗೆ ನೆಲ ಇನ್ನೂ ಬಿಸಿ ಇರುತ್ತದೆ.

ಹಿಂಬಾಲಿಸಲೇಬೇಡಿ. ಹರಿಯಲಿಕ್ಕೆ ಬಿಡಿ. ಕ್ಯಾಮರಾದ ಉದ್ದದ ಬದಿ ಗ್ರಹ ಹೋಗುವ ದಾರಿಗೆ ಸರಿಯಾಗಿ ಇರುವ ಹಾಗೆ ತಿರುಗಿಸಿ. ಸಾಫ್ಟ್‌ವೇರಿನಲ್ಲಿ ಅಗಲ ಪೂರ್ತಿ ಇಟ್ಟು ಎತ್ತರ ಮಾತ್ರ 400 ಪಿಕ್ಸೆಲ್ಲಿಗೆ ಇಳಿಸಿ. ಎತ್ತರ ಇಳಿಸಿದಷ್ಟು ಫ್ರೇಮಿನ ವೇಗ ಏರುತ್ತದೆ. ನಿಮ್ಮ 2400 ಮಿ.ಮೀ.ನಲ್ಲಿ ಒಂದು ಪಿಕ್ಸೆಲ್ ಅಂದರೆ ಆಕಾಶದಲ್ಲಿ ಕಾಲು ಆರ್ಕ್‌ಸೆಕೆಂಡು (ಒಂದು ಡಿಗ್ರಿಯ 3600ನೇ ಒಂದು ಭಾಗಕ್ಕೆ ಒಂದು ಆರ್ಕ್‌ಸೆಕೆಂಡು). ಪರದೆಯ ಅಗಲ 1900 ಪಿಕ್ಸೆಲ್ಲಿನಷ್ಟಿದ್ದರೆ ಗುರು ಈ ತುದಿಯಿಂದ ಆ ತುದಿಗೆ ಹೋಗಲು ಅರ್ಧ ನಿಮಿಷ. ಸೆಕೆಂಡಿಗೆ ನೂರು ಫ್ರೇಮು ಅಂದರೆ ಮೂರು ಸಾವಿರ ಫ್ರೇಮು ಕೈಗೆ ಬಂತಲ್ಲ! ಮತ್ತೆ ಟೆಲಿಸ್ಕೋಪನ್ನು ಗ್ರಹದ ಮುಂದಕ್ಕೆ ತಳ್ಳಿ, ಕೈ ಬಿಟ್ಟು, ಅಲ್ಲಾಟ ನಿಂತ ಮೇಲೆ ಮುಂದಿನ ವಿಡಿಯೋ. ಆಮೇಲೆ 'ಪಿಪ್' ಅನ್ನುವ ಉಚಿತ ತಂತ್ರಾಂಶ ಎಲ್ಲ ಫ್ರೇಮಿನಲ್ಲೂ ಗ್ರಹವನ್ನು ನಡುವಿಗೆ ತಂದುಕೊಡುತ್ತದೆ. ಒಂದೊಂದು ವಿಡಿಯೋಗೆ ಎರಡು ಜಿಬಿಗಿಂತ ಜಾಸ್ತಿ ಜಾಗ ಬೇಕು, ಲ್ಯಾಪ್‌ಟಾಪಿನಲ್ಲಿ ಎಸ್‌ಎಸ್‌ಡಿ ಇದ್ದರೆ ಒಳ್ಳೆಯದು. ಹಳೆ ಹಾರ್ಡ್ ಡಿಸ್ಕಿಗೆ ಅಷ್ಟು ವೇಗ ತಡೆಯಲಿಕ್ಕೆ ಆಗುವುದಿಲ್ಲ, ಫ್ರೇಮು ಬಿಟ್ಟುಬಿಡುತ್ತದೆ.

ಫೋಕಸ್ಸಿನ ತಿರುಗಣೆಗೆ ಬಟ್ಟೆ ಒಣಗಿಸುವ ಕ್ಲಿಪ್ಪು ಕಚ್ಚಿಸಿ. ಅದರ ತುದಿಯನ್ನು ಒಂದೇ ಬೆರಳಿನಿಂದ ಮುಟ್ಟಿ ಸರಿಸಿ. ತಿರುಗಣೆ ಕೂದಲೆಳೆಯಷ್ಟು ತಿರುಗುತ್ತದೆ, ಟೆಲಿಸ್ಕೋಪು ಅಲ್ಲಾಡುವುದಿಲ್ಲ. ಫೋಕಸ್ಸನ್ನು ಗುರುವಿನ ಮೇಲೆ ಹಿಡಿಯಬೇಡಿ, ಅದರ ಅಂಚು ಯಾವಾಗಲೂ ಮೆತ್ತಗೇ ಕಾಣುತ್ತದೆ. ಬೆಳಕು ಏರಿಸಿ ಒಂದು ಚಂದ್ರನನ್ನು ತನ್ನಿ, ಅದು ಅತಿ ಸಣ್ಣ ಚುಕ್ಕೆ ಆಗುವವರೆಗೆ ಕ್ಲಿಪ್ಪು ಸರಿಸಿ. ಆಚೆ ದಾಟಿಸಿ, ಮತ್ತೆ ಹಿಂದಕ್ಕೆ ತನ್ನಿ. ಆಮೇಲೆ ಬೆಳಕು ಇಳಿಸಿ ರೆಕಾರ್ಡ್ ಒತ್ತಿ.

ಜತ್ತಿನ ಹುಡುಗ

ಅಕ್ಕಾರ, ಮೋಟಾರ್ ಇರುವ ಮೌಂಟು (ಟೆಲಿಸ್ಕೋಪು ಕೂರಿಸುವ ಸ್ಟ್ಯಾಂಡು) ತಗೊಂಡರೆ ಈ ಎಲ್ಲ ರಗಳೆ ತಪ್ಪುತ್ತದಲ್ಲ?

ಪೆರ್ಲದ ತೋಟದಿಂದ

ತಪ್ಪುತ್ತದೆ, ಬೇರೆ ರಗಳೆ ಬರುತ್ತದೆ. ನನ್ನದು ಎಂಟು ಇಂಚು, ಈಕ್ವೆಟೋರಿಯಲ್ ಮೌಂಟಿನ ಮೇಲೆ. ಅದರ ಅಕ್ಷ ಧ್ರುವ ನಕ್ಷತ್ರಕ್ಕೆ ನೇರ ಇರಬೇಕು. ಕಾಸರಗೋಡಿನ ಅಕ್ಷಾಂಶ ಹನ್ನೆರಡೂವರೆ ಡಿಗ್ರಿ, ಹಾಗಾಗಿ ಧ್ರುವ ನಕ್ಷತ್ರ ಉತ್ತರದ ಅಂಚಿನಿಂದ ಅಷ್ಟೇ ಎತ್ತರ. ಅದು ನಮ್ಮ ಗುಡ್ಡದ ಹಿಂದೆ, ಗುಡ್ಡ ಇಲ್ಲದಿದ್ದರೆ ತೆಂಗಿನ ಹಿಂದೆ. ನಾನು ಒಂದು ಸಲವೂ ತೋಟದಿಂದ ಕಂಡವನಲ್ಲ. ಕಂಪಾಸ್ ಇಟ್ಟು ಅಂದಾಜಿನಲ್ಲಿ ಉತ್ತರಕ್ಕೆ ತಿರುಗಿಸುತ್ತೇನೆ. ಗ್ರಹದ ಎರಡು ಮೂರು ನಿಮಿಷದ ವಿಡಿಯೋಗೆ ಅಷ್ಟು ಸಾಕು. ಕೆಲವು ಮೌಂಟುಗಳಲ್ಲಿ ಅಕ್ಷವನ್ನು ಇಷ್ಟು ಕೆಳಗೆ ಬಗ್ಗಿಸಿದರೆ ತೂಕದ ಸರಳು ಸ್ಟ್ಯಾಂಡಿನ ಕಾಲಿಗೆ ಬಡಿಯುತ್ತದೆ. ಕೊಳ್ಳುವ ಮೊದಲು ನಮ್ಮ ಅಕ್ಷಾಂಶಕ್ಕೆ ಆಗುತ್ತದಾ ಅಂತ ಕೇಳಬೇಕು.

ಹಾಗಂತ ಅಕ್ಷಾಂಶದ ಬಗ್ಗೆ ದೂರುವುದಿಲ್ಲ. ನಮಗೆ ಸಿಕ್ಕಿದ ವರ ಅದು. ಗ್ರಹಗಳು ಆಕಾಶದಲ್ಲಿ ಎಷ್ಟು ದಕ್ಷಿಣಕ್ಕೆ ಹೋದರೂ ನಮಗೆ ಕೈಗೆ ಸಿಗುತ್ತವೆ. 2018ರ ಜುಲೈಯಲ್ಲಿ ಮಂಗಳ ತುಂಬ ಹತ್ತಿರ ಬಂದಿತ್ತಲ್ಲ, ಆಗ ಲಂಡನ್ನಿನವರಿಗೆ ಅದು ಅಂಚಿನಿಂದ 13 ಡಿಗ್ರಿಯಷ್ಟೇ ಮೇಲೆ. ಇಲ್ಲಿ 50 ದಾಟಿತ್ತು. ಮಳೆ ಇತ್ತು ಅನ್ನುವುದು ಬೇರೆ ವಿಷಯ. ಗ್ರಹಗಳ ಫೋಟೋದಲ್ಲಿ ದೊಡ್ಡ ಹೆಸರಾದ ಇಂಗ್ಲೆಂಡಿನ ಡೇಮಿಯನ್ ಪೀಚ್ ಬಾರ್ಬಡೋಸ್ ತನಕ ಹೋಗಿ ಫೋಟೋ ತೆಗೆದಿದ್ದಾರೆ. ಅದು 13 ಡಿಗ್ರಿ ಉತ್ತರ, ನಮ್ಮ ಮಂಜೇಶ್ವರದ ಹಾಗೆ. ಫಿಲಿಪ್ಪೀನ್ಸಿನ ಸೆಬುವಿನಲ್ಲಿ ಕ್ರಿಸ್ಟೋಫರ್ ಗೋ ಅಂತ ಇದ್ದಾರೆ, ಅವರದ್ದು 10 ಡಿಗ್ರಿ. ಕವಲೂರಿನ ವೇಣು ಬಾಪು ವೀಕ್ಷಣಾಲಯವೂ ನಮ್ಮ ಕಾಸರಗೋಡಿನ ಅಕ್ಷಾಂಶದಲ್ಲೇ ಇದೆ, ಹೆಚ್ಚುಕಮ್ಮಿ ಒಂದೇ ಗೆರೆ.

ಹೊಸೂರು ನೈಟ್‌ಶಿಫ್ಟ್

ಕವಲೂರು ನಮ್ಮ ಪಕ್ಕದ ಜಿಲ್ಲೆ. 1977ರ ಮಾರ್ಚ್ 10ರಂದು ಯುರೇನಸ್ ಒಂದು ನಕ್ಷತ್ರವನ್ನು ಮರೆ ಮಾಡುವಾಗ ಅಲ್ಲಿನ ಒಂದು ಮೀಟರ್ ಟೆಲಿಸ್ಕೋಪಿನಲ್ಲೂ ನೋಡಿದ್ದರು. ನಕ್ಷತ್ರದ ಬೆಳಕು ಗ್ರಹದ ಹಿಂದೆ ಹೋಗುವ ಮೊದಲೇ ಮಿಣುಕಿತ್ತು. ಯುರೇನಸ್ಸಿಗೆ ಉಂಗುರ ಇದೆ ಅಂತ ಗೊತ್ತಾದದ್ದು ಆ ದಿನದ ವೀಕ್ಷಣೆಗಳಿಂದ. 1972ರಲ್ಲಿ ಗುರುವಿನ ಚಂದ್ರ ಗ್ಯಾನಿಮೀಡನ್ನೂ ಅಲ್ಲಿಂದ ಹೀಗೇ ನೋಡಿದ್ದರು.

ಅಂಗಳದಾಕಾಶ (ಬದಿಯಡ್ಕ)

ಹರಿಯಲು ಬಿಟ್ಟು ತೆಗೆದೆ, ಅಕ್ಕ. ಕ್ಲಿಪ್ಪಿನ ಉಪಾಯಕ್ಕೆ ದೊಡ್ಡ ನಮಸ್ಕಾರ. ಪಿಪ್‌ನಲ್ಲಿ ಹಾಕಿ, ಆಟೋಸ್ಟಾಕರ್ಟ್‌ನಲ್ಲಿ ಒಳ್ಳೆಯ ಕಾಲು ಭಾಗ ಫ್ರೇಮು ಆರಿಸಿ ಜೋಡಿಸಿದೆ. ರೆಜಿಸ್ಟ್ಯಾಕ್ಸ್‌ನಲ್ಲಿ ಚಿತ್ರ ಚೂಪು ಮಾಡುವ ವೇವ್ಲೆಟ್ ಎಳೆದೆ. ಚಿತ್ರ ಹಾಕಿದ್ದೇನೆ. ಐದು ಪಟ್ಟೆ ಎಣಿಸಬಹುದು! ಉತ್ತರದ ಪಟ್ಟೆಯ ಕೆಳಗೆ ನೀಲಿ ಎಳೆ ಎಳೆ ಇದೆಯಲ್ಲ, ಅದು ನಿಜವಾ? ಬಲಗಡೆ ಅಂಚಿನಲ್ಲಿ ಒಂದು ತೆಳು ಬಿಳಿ ಗೆರೆ ಯಾಕೆ ಬಂದಿದೆ? ಇನ್ನೂ ಚೂಪು ಮಾಡಲು ಫೋನಿನ ಒಂದು ಎಐ ಆ್ಯಪಿಗೂ ಹಾಕಿದೆ, ಎರಡನೇ ಚಿತ್ರ ಅದು. ಮನೆಯವರಿಗೆಲ್ಲ ಎರಡನೆಯದ್ದೇ ಇಷ್ಟ.

ಹೊಸೂರು ನೈಟ್‌ಶಿಫ್ಟ್

ಎರಡನೆಯದು ಸೂಪರ್. ಗೋಡೆಗೆ ಹಾಕಿ.

ಪೆರ್ಲದ ತೋಟದಿಂದ

ಗೋಡೆಗೆ ಹಾಕಬಹುದು. ಗುರು ಅಂತ ಹೇಳಬಾರದು.

ಮೊದಲನೇ ಚಿತ್ರದ ಬಗ್ಗೆ ಹೇಳುತ್ತೇನೆ, ಅದು ನಿಜಕ್ಕೂ ಚಂದ ಬಂದಿದೆ. ಆ ನೀಲಿ ಎಳೆಗಳು ನಿಜ. ಗುರುವಿನ ಸಮಭಾಜಕದ ಬಿಳಿ ವಲಯಕ್ಕೆ ಇಳಿಬಿದ್ದ ಹಾಗೆ ಕಾಣುವ ಅವು ಆರು ಇಂಚಿಗೆ ಸಿಕ್ಕಿದವು ಅಂದರೆ ಆ ರಾತ್ರಿ ಗಾಳಿ ನಿಮ್ಮ ಪರ ಇತ್ತು. ಅಂಚಿನ ಬಿಳಿ ಗೆರೆ ಮಾತ್ರ ವೇವ್ಲೆಟ್ ಜಾಸ್ತಿ ಎಳೆದದ್ದರಿಂದ ಬಂದದ್ದು. ಗ್ರಹದ ಅಂಚು ಕಪ್ಪು ಆಕಾಶಕ್ಕೆ ತಾಗುವ ಕಡೆ ಹೀಗಾಗುತ್ತದೆ. ಮೊದಲ ಎರಡು ಪದರ ಸ್ವಲ್ಪ ಹಿಂದಕ್ಕೆ ತನ್ನಿ.

ಎಐ ಚಿತ್ರದಲ್ಲಿ ದಕ್ಷಿಣದ ಪಟ್ಟೆಯೊಳಗೆ ಸುಳಿ ಸುಳಿಯಾಗಿ ಕೆತ್ತನೆ ಬಂದಿದೆ. ಮೊದಲನೆಯದರಲ್ಲಿ ಅಲ್ಲಿ ಏನೂ ಇಲ್ಲ. 150 ಮಿ.ಮೀ. ಕನ್ನಡಿ 0.77 ಆರ್ಕ್‌ಸೆಕೆಂಡಿಗಿಂತ ಹತ್ತಿರದ ಎರಡು ಚುಕ್ಕೆಗಳನ್ನು ಬೇರೆ ಮಾಡಿ ತೋರಿಸಲಾರದು. ಆ ಕೆತ್ತನೆ ಅದಕ್ಕಿಂತ ಎಷ್ಟೋ ಸಣ್ಣದು. ಎಲ್ಲಿಂದ ಬಂತು ಹಾಗಾದರೆ? ಆ್ಯಪು ಬೇರೆ ಯಾವುದೋ ಗುರುವಿನ ಚಿತ್ರ ನೋಡಿ ಕಲಿತದ್ದನ್ನು ಇಲ್ಲಿ ತುಂಬಿದೆ.

ಹೊಸೂರು ನೈಟ್‌ಶಿಫ್ಟ್

ಅಣ್ಣಾ, ವೇವ್ಲೆಟ್ ಕೂಡ ಚೂಪು ಮಾಡುವುದೇ ಅಲ್ವಾ? ಅದೂ ಕಂಪ್ಯೂಟರೇ. ಒಂದು ಪಾಪ, ಒಂದು ಪುಣ್ಯ ಹೇಗೆ? ಹವ್ಯಾಸಕ್ಕೆ ಮಾಡುವವರಿಗೆ ಇಷ್ಟು ಮಡಿ ಯಾಕೆ?

ಪೆರ್ಲದ ತೋಟದಿಂದ

ಒಳ್ಳೆಯ ಪ್ರಶ್ನೆ. ವೇವ್ಲೆಟ್ ನಿಮ್ಮ ಫ್ರೇಮುಗಳಲ್ಲಿ ಮಸುಕಾಗಿ ಇದ್ದದ್ದನ್ನೇ ಎತ್ತಿ ತೋರಿಸುತ್ತದೆ. ಜಾಸ್ತಿ ಎಳೆದರೆ ಅದೂ ಸುಳ್ಳು ಹೇಳುತ್ತದೆ, ಆ ಬಿಳಿ ಗೆರೆಯೇ ಸಾಕ್ಷಿ. ಹಾಗಾಗಿ ನಾನು ಯಾವ ತಂತ್ರಾಂಶವನ್ನೂ ನಂಬುವುದಿಲ್ಲ, ಗುರುವನ್ನು ನಂಬುತ್ತೇನೆ. ಗುರು ಒಂದು ಸುತ್ತು ತಿರುಗಲು ಹತ್ತು ಗಂಟೆಯೂ ಬೇಡ, 9 ಗಂಟೆ 55 ನಿಮಿಷ ಸಾಕು. ಹತ್ತು ನಿಮಿಷಕ್ಕೆ 6 ಡಿಗ್ರಿ. ಹತ್ತು ನಿಮಿಷ ಬಿಟ್ಟು ಇನ್ನೊಂದು ವಿಡಿಯೋ ತೆಗೆಯಿರಿ, ಬೇರೆಯಾಗಿಯೇ ಜೋಡಿಸಿ. ಚಿತ್ರದಲ್ಲಿರುವ ಮಚ್ಚೆ ನಿಜವಾದರೆ ಎರಡನೇ ಚಿತ್ರದಲ್ಲಿ ಅಷ್ಟೇ ಸರಿದಿರುತ್ತದೆ. ಸುಳ್ಳಾದರೆ ಅಲ್ಲೇ ಕೂತಿರುತ್ತದೆ ಅಥವಾ ಕಾಣೆಯಾಗುತ್ತದೆ.

ಮಡಿ ಯಾಕೆ ಅಂದಿರಿ. 2009ರ ಜುಲೈ 19ರಂದು ಆಸ್ಟ್ರೇಲಿಯಾದ ಆಂಥೊನಿ ವೆಸ್ಲಿ ತಮ್ಮ ಮನೆಯ ಹದಿನಾಲ್ಕೂವರೆ ಇಂಚಿನ ಟೆಲಿಸ್ಕೋಪಿನಲ್ಲಿ ಗುರುವಿನ ದಕ್ಷಿಣ ಧ್ರುವದ ಹತ್ತಿರ ಹೊಸ ಕಪ್ಪು ಕಲೆ ನೋಡಿದರು. ಏನೋ ಬಡಿದಿತ್ತು. ಅವರು ಹೇಳಿದ ಮೇಲೆಯೇ ದೊಡ್ಡ ಟೆಲಿಸ್ಕೋಪುಗಳು ಅತ್ತ ತಿರುಗಿದ್ದು. ಮರುವರ್ಷ ಜೂನ್ 3ಕ್ಕೆ ಗುರುವಿನ ಮೇಲೆ ಒಂದು ಮಿಂಚು ಅವರ ವಿಡಿಯೋದಲ್ಲಿ ಸಿಕ್ಕಿತು. ಅದೇ ಮಿಂಚು ಸೆಬುವಿನ ಗೋ ಅವರ ವಿಡಿಯೋದಲ್ಲೂ ಇತ್ತು. ಇಬ್ಬರಲ್ಲೂ ಇದ್ದದ್ದರಿಂದ ನಿಜ ಅಂತಾಯಿತು. ಅದೇ ಗೋ 2006ರಲ್ಲಿ ಗುರುವಿನ ಒಂದು ಬಿಳಿ ಸುಳಿ ಕೆಂಪಾದದ್ದನ್ನು ಮೊದಲು ಗಮನಿಸಿದವರು. ಹಿತ್ತಿಲಲ್ಲಿ ತೆಗೆದ ಫೋಟೋಕ್ಕೆ ಬೆಲೆ ಇರುವುದು ಹೀಗೆ. ಎಐ ಆ್ಯಪು ಆ ಕಪ್ಪು ಕಲೆಯನ್ನು ಕೊಳೆ ಅಂತ ಒರೆಸಿಬಿಟ್ಟಿದ್ದರೆ?

ಹೊಸೂರು ನೈಟ್‌ಶಿಫ್ಟ್

ಮಿಂಚಿನ ವಿಷಯಕ್ಕೆ ಒಪ್ಪಿದೆ. ಆದರೂ ಗೋಡೆಗೆ ನಾನು ಎರಡನೆಯದ್ದನ್ನೇ ಹಾಕುವುದು.

ರಾಯದುರ್ಗದ ಮೇಷ್ಟ್ರು

ಇಬ್ಬರೂ ನಿಲ್ಲಿಸಿ, ನನಗೊಂದು ಸಂಶಯ. ವಿಡಿಯೋ ಎಷ್ಟು ಉದ್ದ ಇರಬಹುದು? ಗುರು ತಿರುಗುತ್ತಲೇ ಇರುತ್ತದಲ್ಲ, ಜಾಸ್ತಿ ಹೊತ್ತು ತೆಗೆದರೆ ಕಲಸುವುದಿಲ್ಲವೇ?

ತಾಳವಾಡಿ ಅಕ್ಕ

ಕಲಸುತ್ತದೆ, ಮೇಷ್ಟ್ರೇ. ಲೆಕ್ಕ ಸುಲಭ. ಗುರುವಿನ ಬಿಲ್ಲೆ ಈಗ 45 ಆರ್ಕ್‌ಸೆಕೆಂಡಿನ ಸುಮಾರು. ಅದರ ನಡುಭಾಗ ಒಂದು ನಿಮಿಷಕ್ಕೆ ಹೆಚ್ಚುಕಮ್ಮಿ 0.24 ಆರ್ಕ್‌ಸೆಕೆಂಡು ಸರಿಯುತ್ತದೆ. ಆರು ಇಂಚಿಗೆ 0.77 ಮಿತಿ ಅಂದರೆ ಮೂರು ನಿಮಿಷದವರೆಗೆ ಚಿಂತೆ ಇಲ್ಲ. ಎಂಟು ಇಂಚಿಗೆ ಎರಡು ನಿಮಿಷಕ್ಕೆ ಸ್ವಲ್ಪ ಹೆಚ್ಚು. ದೊಡ್ಡ ಟೆಲಿಸ್ಕೋಪಿಗೆ ಸಮಯ ಕಮ್ಮಿ, ಇದೂ ಬದಿಯಡ್ಕದ ಭಾವನಿಗೆ. ಅದಕ್ಕಿಂತ ಜಾಸ್ತಿ ಬೇಕಾದರೆ ವಿನ್‌ಜೂಪೋಸ್ ಅಂತ ತಂತ್ರಾಂಶ ಇದೆ, ತಿರುಗಿದ್ದನ್ನು ಲೆಕ್ಕ ಹಾಕಿ ಹಿಂದಕ್ಕೆ ತಿರುಗಿಸಿ ಜೋಡಿಸುತ್ತದೆ. ಆದರೆ ಪ್ರತಿ ವಿಡಿಯೋದ ಸಮಯ ಸರಿಯಾಗಿ ದಾಖಲಾಗಿರಬೇಕು. ಲ್ಯಾಪ್‌ಟಾಪಿನ ಗಡಿಯಾರ ಮೊದಲೇ ನೆಟ್ಟಿಗೆ ಹೊಂದಿಸಿಕೊಳ್ಳಿ.

ಅಂಗಳದಾಕಾಶ (ಬದಿಯಡ್ಕ)

ಗುರುವಿನ ದೊಡ್ಡ ಕೆಂಪು ಮಚ್ಚೆ ಒಂದು ದಿನವೂ ಸಿಕ್ಕಿಲ್ಲ. ನಾನು ನೋಡುವಾಗ ಅದು ಯಾವಾಗಲೂ ಹಿಂದುಗಡೆ ಇರುತ್ತದೋ ಏನೋ.

ರಾಯದುರ್ಗದ ಮೇಷ್ಟ್ರು

ಆ್ಯಪುಗಳು ಸಮಯ ಹೇಳುತ್ತವೆ. ಒಂದು ಸಲ ಗೊತ್ತಾದರೆ ಮುಂದಿನದ್ದಕ್ಕೆ ಬೆರಳು ಮಡಚಿದರೆ ಸಾಕು. ಇವತ್ತು ರಾತ್ರಿ 8 ಗಂಟೆಗೆ ಮಚ್ಚೆ ನಡುವಿನಲ್ಲಿದ್ದರೆ ನಾಡಿದ್ದು ಸುಮಾರು 9.40ಕ್ಕೆ ಮತ್ತೆ ನಡುವಿಗೆ ಬರುತ್ತದೆ. ಐದು ಸುತ್ತು ಮುಗಿಯುತ್ತದೆ ಅಷ್ಟರಲ್ಲಿ. ನಡುವಿಗೆ ಬರುವ ಮುಂಚೆ, ನಂತರ ಮುಕ್ಕಾಲು ಗಂಟೆ ಚೆನ್ನಾಗಿ ಕಾಣುತ್ತದೆ. ಮೊದಲಿನಷ್ಟು ದೊಡ್ಡದಿಲ್ಲ ಮತ್ತೆ. 1979ರಲ್ಲಿ ವಾಯೇಜರ್ ನೌಕೆ ನೋಡಿದಾಗ 23,000 ಕಿ.ಮೀ. ಉದ್ದ ಇದ್ದದ್ದು ಈಗ ಬಹಳ ಕುಗ್ಗಿದೆ. ಆದರೂ ನಮ್ಮ ಭೂಮಿಗಿಂತ ದೊಡ್ಡದೇ.

ಶನಿ ಈಗ ಸಂಜೆಯ ಬೆಳಕಿಗೆ ಇಳಿದುಬಿಟ್ಟಿದೆ. 2025ರ ಮಾರ್ಚಿನಲ್ಲಿ ಉಂಗುರ ಅಡ್ಡ ಗೆರೆಯಾಗಿ ನಿಂತಿತ್ತು, ಈಗ ನಿಧಾನ ತೆರೆದುಕೊಳ್ಳುತ್ತಿದೆ. ಈ ವರ್ಷ, 2026ರ ಅಕ್ಟೋಬರ್ 4ಕ್ಕೆ ಎದುರು (ಆಕಾಶದಲ್ಲಿ ಸೂರ್ಯನ ನೇರ ಎದುರಿಗೆ) ಬರುತ್ತದೆ, ನಿಮ್ಮ ಕಡೆ ಮಳೆ ಬಿಟ್ಟಿರಬಹುದು. ಮುಂದಿನ ಫೆಬ್ರವರಿ ನನ್ನ ಮಟ್ಟಿಗೆ ಹಬ್ಬ. 2027ರ ಫೆಬ್ರವರಿ 19ಕ್ಕೆ ಮಂಗಳ ಎದುರಿಗೆ, ಅದೇ ತಿಂಗಳಲ್ಲಿ ಗುರುವೂ ಎದುರಿಗೆ. ಎರಡೂ ನಮ್ಮ ನೆತ್ತಿಯ ಹತ್ತಿರ. ಮಂಗಳದ ಬಿಲ್ಲೆ 14 ಆರ್ಕ್‌ಸೆಕೆಂಡು ಕೂಡ ಇರುವುದಿಲ್ಲ, ಗುರುವಿನ ಮೂರನೇ ಒಂದು ಭಾಗ. ಆಗ ಮಾತ್ರ ನಿನ್ನ ಭಾವನ ಹತ್ತು ಇಂಚಿನ ಆಸೆಗೆ ನಾನೂ ಸ್ವಲ್ಪ ಸೋಲುತ್ತೇನೆ.

ಅಂಗಳದಾಕಾಶ (ಬದಿಯಡ್ಕ)

ಮೇಷ್ಟ್ರೇ, ಇದನ್ನು ಭಾವನಿಗೆ ತೋರಿಸುವುದಿಲ್ಲ 🙂

ಒಂದು ಗಾಬರಿಯ ವಿಷಯ. ನಿನ್ನೆ ರಾತ್ರಿ ಒಂದೂವರೆಗೆ ಚಿತ್ರ ಇದ್ದಕ್ಕಿದ್ದ ಹಾಗೆ ಮಂಕಾಯಿತು. ಟಾರ್ಚು ಹಾಕಿ ನೋಡಿದರೆ ಮೇಲಿನ ಸಣ್ಣ ಕನ್ನಡಿ ಪೂರ್ತಿ ಒದ್ದೆ. ಒರೆಸಲು ಬಟ್ಟೆ ತಂದೆ, ಧೈರ್ಯ ಬರಲಿಲ್ಲ, ಹಾಗೇ ಮುಚ್ಚಿ ಒಳಗಿಟ್ಟೆ.

ಪೆರ್ಲದ ತೋಟದಿಂದ

ಒರೆಸದೇ ಇದ್ದದ್ದು ಒಳ್ಳೆಯದಾಯಿತು, ಕನ್ನಡಿಯ ಮೇಲಿನ ಲೇಪಕ್ಕೆ ಗೀರು ಬೀಳುತ್ತಿತ್ತು. ಒದ್ದೆ ಇರುವಾಗ ಮುಚ್ಚಿದ್ದು ಬೇಡವಿತ್ತು. ಈಗಲೇ ಹೋಗಿ ಮುಚ್ಚಳ ತೆಗೆದು, ಕೊಳವೆಯ ಬಾಯಿ ಕೆಳಗೆ ಬಾಗಿಸಿ ಫ್ಯಾನಿನ ಗಾಳಿಗೆ ಇಡಿ. ನಮ್ಮ ಊರಿನಲ್ಲಿ ಕನ್ನಡಿಗೆ, ಮಸೂರಕ್ಕೆ ದೊಡ್ಡ ಶತ್ರು ಬೂಸ್ಟು. ಐಪೀಸಿನ ಒಳಗಿನ ಗಾಜಿಗೆ ಒಮ್ಮೆ ಹಿಡಿದರೆ ಬಿಚ್ಚದೆ ಹೋಗುವುದಿಲ್ಲ, ಬಿಚ್ಚಿದರೆ ಮೊದಲಿನ ಹಾಗೆ ಕೂರುವುದಿಲ್ಲ. ಮಂಜಿಗೆ ಹಳೆ ಯೋಗ ಮ್ಯಾಟು ಸುತ್ತಿ ಕೊಳವೆಯ ಬಾಯಿಯನ್ನು ಒಂದಡಿ ಉದ್ದ ಮಾಡಿ. ಸುಮಾರು ಹೊತ್ತು ತಡೆಯುತ್ತದೆ.

ಮಳೆಗಾಲಕ್ಕೆ ಈಗಲೇ ತಯಾರಿ ಮಾಡಿಕೊಳ್ಳಿ. ಐಪೀಸು, ಬಾರ್ಲೋ, ಕ್ಯಾಮರಾ ಮೂರನ್ನೂ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ನೀಲಿ ಕಾಳು ಗುಲಾಬಿಯಾದರೆ ನೀರು ಕುಡಿದಿದೆ ಅಂತ ಅರ್ಥ. ದಪ್ಪ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದರೆ ಮತ್ತೆ ನೀಲಿಯಾಗುತ್ತದೆ. ಆ ಬಾಣಲೆಯನ್ನು ಅಡಿಗೆಗೆ ಬಳಸಬೇಡಿ, ಬಣ್ಣದ್ದು ವಿಷ.

ಜತ್ತಿನ ಹುಡುಗ

ನಮ್ಮ ಕಡೆ ಬೂಸ್ಟು ಇಲ್ಲ, ಧೂಳು. ಕನ್ನಡಿ ಎಷ್ಟು ದಿನಕ್ಕೊಮ್ಮೆ ತೊಳೆಯಬೇಕು?

ತಾಳವಾಡಿ ಅಕ್ಕ

ತೊಳೆಯಲೇಬೇಕು ಅನ್ನಿಸಿದಾಗಲೂ ಇನ್ನೊಂದು ವರ್ಷ ಬಿಡಿ. ಟಾರ್ಚಿನ ಬೆಳಕಿಗೆ ಎಲ್ಲ ಕನ್ನಡಿಯೂ ಹಾಳಾದ ಹಾಗೇ ಕಾಣುತ್ತದೆ. ಸ್ವಲ್ಪ ಧೂಳಿನಿಂದ ಚಿತ್ರಕ್ಕೆ ಏನೂ ಆಗುವುದಿಲ್ಲ. ತೊಳೆಯುವಾಗ ಡಿಸ್ಟಿಲ್ಡ್ ನೀರು, ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ಡು, ಹತ್ತಿ. ಒತ್ತಬೇಡಿ, ಹತ್ತಿ ಅದರ ತೂಕಕ್ಕೇ ಜಾರಲಿ. ಆಮೇಲೆ ಓರೆಯಾಗಿ ನಿಲ್ಲಿಸಿ ಒಣಗಲು ಬಿಡಿ. ಕೊಲಿಮೇಶನ್ ಮತ್ತೆ ಮೊದಲಿಂದ ಮಾಡಬೇಕಾಗುತ್ತದೆ, ಅದನ್ನು ನೆನೆಸಿಕೊಂಡರೇ ಅರ್ಧ ಜನ ತೊಳೆಯುವುದಿಲ್ಲ.

ಹೊಸೂರು ನೈಟ್‌ಶಿಫ್ಟ್

ನಾನು ಆ ಅರ್ಧ ಜನದಲ್ಲಿ ಒಬ್ಬ.

ಬದಿಯಡ್ಕದವರೇ, ನನ್ನ ಹತ್ತಿರ 685 ನ್ಯಾನೋಮೀಟರಿನ ಐಆರ್ ಪಾಸ್ ಫಿಲ್ಟರ್ (ಅವಕೆಂಪು ಬೆಳಕನ್ನು ಮಾತ್ರ ಬಿಡುವುದು) ಒಂದು ಸುಮ್ನೆ ಬಿದ್ದಿದೆ. ಗಾಳಿ ಕೆಟ್ಟಿರುವ ದಿನ ಅದನ್ನು ಹಾಕಿದರೆ ಚಿತ್ರ ಕಡಿಮೆ ನಡುಗುತ್ತದೆ. ಬಣ್ಣ ಬರುವುದಿಲ್ಲ, ಬೆಳಕೂ ಕಡಿಮೆ, ಗೇನ್ ಏರಿಸಬೇಕು. ಮಂಗಳಕ್ಕೆ ತುಂಬ ಒಳ್ಳೆಯದು. ವಿಳಾಸ ಇಲ್ಲಿ ಹಾಕಬೇಡಿ, ಮೆಸೇಜ್ ಮಾಡಿ, ಕೊರಿಯರ್ ಮಾಡುತ್ತೇನೆ. ಮಂಗಳ ಮುಗಿದ ಮೇಲೆ ವಾಪಸ್ ಕಳಿಸಿದರೆ ಸಾಕು.